ನಾವೂ ಪಟ್ಟವರೇ

ಗುಂಡ್ಲುಪೇಟೆ, ಚಾಮರಾಜನಗರದ ಕಡೆ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುವ ಮಾತೊಂದಿದೆ: 'ನಾವ್ ಪಡ್ನಿಲ್ವಾ?' ನಾವೇನು ಕಷ್ಟ ಪಡಲಿಲ್ಲವೆ ಎಂದು ಅರ್ಥ. ಬಾಣಂತಿ ಸೊಸೆ ಸೊಂಟ ನೋವೆಂದು ಕೂತರೆ ಅತ್ತೆಯ ಬಾಯಿಂದ ಈ ಮಾತು ಬರುತ್ತದೆ. ಅಲ್ಲಿಗೆ ಮಾತುಕತೆ ಮುಗಿಯಿತು. ಸೊಸೆ ಎದ್ದು ಪಾತ್ರೆ ತೊಳೆಯಬೇಕು. ಇದೇ ಮಾತು ಆಸ್ಪತ್ರೆಯ ಮೆಟ್ಟಿಲ ಮೇಲೂ ಕೇಳುತ್ತದೆ. ಒಳಗೆ ಗಂಡನನ್ನು ಮಲಗಿಸಿ ಹೊರಗೆ ಸೆರಗು ಬಾಯಿಗೊತ್ತಿಕೊಂಡು ಕೂತವಳ ಪಕ್ಕ ಗುರುತಿಲ್ಲದ ಇನ್ನೊಬ್ಬಳು ಬಂದು ಕೂರುತ್ತಾಳೆ. ಟೀ ಲೋಟ ಕೈಗಿಟ್ಟು, 'ನಾವ್ ಪಡ್ನಿಲ್ವಾ, ಕುಡಿ ಕಣವ್ವ' ಎನ್ನುತ್ತಾಳೆ.

ಮಾತು ಒಂದೇ, ಪಟ್ಟ ಪಾಡೂ ಹೆಚ್ಚುಕಡಿಮೆ ಒಂದೇ. ಒಂದು ಕಡೆ ಅದು ಬಾಗಿಲು ಮುಚ್ಚುತ್ತದೆ, ಇನ್ನೊಂದು ಕಡೆ ತೆರೆಯುತ್ತದೆ. ಕಷ್ಟಪಟ್ಟವರಿಗೆ ಇನ್ನೊಬ್ಬರ ಕಷ್ಟ ತಿಳಿಯುತ್ತದೆ ಎಂದು ನಾವೆಲ್ಲ ನಂಬಿಕೊಂಡೇ ಬಂದಿದ್ದೇವೆ. ಹೊಟ್ಟೆ ತುಂಬಿದವನಿಗೆ ಹಸಿದವನ ಪಾಡು ತಿಳಿಯದು ಎಂಬ ಗಾದೆ ಇರುವುದು ಅದಕ್ಕೇ. ಆದರೆ ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂಬ ಗಾದೆಯೂ ಇದೇ ಊರಿನದು. ನೋವು ಅನುಭವಿಸಿದ ಸೊಸೆಯೇ ನೋವು ಕೊಡುವ ಅತ್ತೆಯಾಗುವುದನ್ನು ಕಂಡೇ ಅದನ್ನು ಕಟ್ಟಿದ್ದಾರೆ. ಈ ಎರಡರಲ್ಲಿ ಯಾವುದು ನಿಜ? ಎರಡೂ ನಿಜವಾದರೆ, ಯಾವುದು ಯಾವಾಗ? ಶಿಲುಬೆಯನ್ನೇ ನಡುಮನೆಯಲ್ಲಿ ತೂಗುಹಾಕಿಕೊಂಡಿರುವ ಕ್ರೈಸ್ತ ಧರ್ಮಕ್ಕೆ ಇದು ಪಕ್ಕಕ್ಕೆ ಸರಿಸಿಬಿಡಬಹುದಾದ ಪ್ರಶ್ನೆಯಲ್ಲ.

ಕರುಳಿನ ಭಾಷೆ

ಮೊದಲು ಪದವನ್ನೇ ನೋಡೋಣ. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಯೇಸುವಿನ ಮರುಕವನ್ನು ಹೇಳುವಾಗ ಬಳಕೆಯಾಗುವ ಕ್ರಿಯಾಪದ 'ಸ್ಪ್ಲಾಂಖ್ನ' ಎಂಬ ನಾಮಪದದಿಂದ ಹುಟ್ಟಿದ್ದು. ಅದರ ಅರ್ಥ ಒಡಲೊಳಗಿನ ಅಂಗಗಳು, ಅಂದರೆ ಕರುಳು. ಕರುಣೆಗೆ ಹಳೆಯ ಒಡಂಬಡಿಕೆಯ ಹೀಬ್ರೂವಿನಲ್ಲಿರುವ 'ರಹಮೀಮ್' ಎಂಬ ಪದಕ್ಕೂ ಗರ್ಭಕೋಶವನ್ನು ಸೂಚಿಸುವ 'ರೆಹೆಮ್' ಎಂಬ ಪದಕ್ಕೂ ನಂಟಿದೆ. ಇದನ್ನು ಇಂಗ್ಲಿಷಿನವರಿಗೆ ಅಡಿಟಿಪ್ಪಣಿ ಬರೆದು ವಿವರಿಸಬೇಕಾಗುತ್ತದೆ. ಕನ್ನಡದವರಿಗೆ ಬೇಕಿಲ್ಲ. ಕರುಳು ಚುರ್ ಎಂದಿತು, ಹೆತ್ತ ಕರುಳು, ಕರುಳಿಲ್ಲದವನು ಎಂದು ನಾವು ದಿನವೂ ಆಡುತ್ತೇವೆ. ಕನ್ನಡ ಬೈಬಲ್ ಇಲ್ಲೆಲ್ಲ ಹೆಚ್ಚಾಗಿ 'ಕನಿಕರ' ಎನ್ನುತ್ತದೆ. ಪದ ಚೆಂದವಾಗಿದೆ, ಆದರೆ ಕೊಂಚ ಮೇಲಿನಿಂದ ಕೆಳಕ್ಕೆ ನೋಡುವ ಪದ. ಕರುಳು ಹಾಗಲ್ಲ. ಅದು ಅಕ್ಕಪಕ್ಕದವರ ಪದ, ಬಳಗದ ಪದ.

ಲೂಕನು ಬರೆದ ಸುವಾರ್ತೆಯಲ್ಲಿ ಈ ಗ್ರೀಕ್ ಕ್ರಿಯಾಪದ ಮೂರೇ ಕಡೆ ಬರುತ್ತದೆ. ಒಬ್ಬನೇ ಮಗನನ್ನು ಕಳಕೊಂಡ ನಾಯಿನೂರಿನ ವಿಧವೆಯನ್ನು ಯೇಸು ಕಂಡಾಗ, ಕಳ್ಳರ ಕೈಗೆ ಸಿಕ್ಕಿ ದಾರಿಯಲ್ಲಿ ಬಿದ್ದವನನ್ನು ಸಮಾರ್ಯದವನು ಕಂಡಾಗ, ಆಸ್ತಿ ಹಾಳುಮಾಡಿ ಹಿಂತಿರುಗುತ್ತಿದ್ದ ಮಗನನ್ನು ತಂದೆ ದೂರದಿಂದಲೇ ಕಂಡಾಗ. ಮೂರು ಕಡೆಯೂ ಮೊದಲು ಕಣ್ಣು ಕಾಣುತ್ತದೆ, ಆಮೇಲೆ ಕರುಳು ಮಿಡಿಯುತ್ತದೆ, ಆಮೇಲೆ ಕಾಲು ಹತ್ತಿರ ಹೋಗುತ್ತದೆ. ಸಮಾರ್ಯದವನು ಯೆಹೂದ್ಯರ ಪಾಲಿಗೆ ಹೊರಗಿನವನು, ಮೈಲಿಗೆಯವನು. ತಾನೇ ತಳ್ಳಿಸಿಕೊಂಡವನಾದ್ದರಿಂದ ಅವನಿಗೆ ಬಿದ್ದವನ ಸಂಕಟ ತಿಳಿಯಿತೆಂದು ಎಷ್ಟೋ ಪ್ರಸಂಗಗಳಲ್ಲಿ ಕೇಳಿದ್ದೇವೆ. ಕಥೆಯಲ್ಲಿ ಆ ಮಾತಿಲ್ಲ, ನಾವು ಸೇರಿಸಿಕೊಂಡದ್ದು. ಆದರೂ ಸೇರಿಸಿಕೊಳ್ಳಬೇಕೆನಿಸಿದ್ದು ಸುಮ್ಮನೆ ಅಲ್ಲ.

ಬೈಬಲಿನೊಳಗೆ ಮೂರು ದಾರಿ

ಕಷ್ಟಕ್ಕೂ ಕರುಣೆಗೂ ಇರುವ ನಂಟನ್ನು ಬೈಬಲ್ ಮೂರು ಬಗೆಯಲ್ಲಿ ಹೇಳುತ್ತದೆ.

ಮೊದಲನೆಯದು ವಿಮೋಚನಕಾಂಡದ ದಾರಿ. ಪರದೇಶಿಯನ್ನು ಪೀಡಿಸಬೇಡಿ, ಈಜಿಪ್ಟಿನಲ್ಲಿ ನೀವೇ ಪರದೇಶಿಗಳಾಗಿದ್ದಿರಿ, ಅವನ ಮನಸ್ಸಿನ ಪಾಡು ನಿಮಗೆ ಗೊತ್ತು ಎಂದು ಅಲ್ಲಿನ ಕಟ್ಟಳೆ ಸಾರುತ್ತದೆ. ಗಮನಿಸಬೇಕಾದದ್ದು ಇಷ್ಟು: ಪಾಡುಪಟ್ಟವರು ತಾವಾಗಿಯೇ ಕರುಣೆ ತೋರುತ್ತಾರೆಂಬ ಭರವಸೆ ಆ ಕಟ್ಟಳೆಗಿಲ್ಲ. ಇದ್ದಿದ್ದರೆ ಕಟ್ಟಳೆಯೇ ಬೇಕಿರಲಿಲ್ಲ. ಗುಲಾಮರಾಗಿದ್ದವರು ಯಜಮಾನರಾದ ಮರುದಿನವೇ ಮರೆಯುತ್ತಾರೆಂದು ಗೊತ್ತಿದ್ದರಿಂದಲೇ ಅದು ಮತ್ತೆ ಮತ್ತೆ ನೆನಪಿಸುತ್ತದೆ.

ಎರಡನೆಯದು ಇಬ್ರಿಯರಿಗೆ ಬರೆದ ಪತ್ರದ ದಾರಿ. ದೇವರ ಮಗನೂ ಬಾಧೆಯಿಂದಲೇ ವಿಧೇಯತೆ ಕಲಿತ, ತಾನೇ ಶೋಧನೆಗೆ ಸಿಕ್ಕಿ ನೊಂದದ್ದರಿಂದ ಶೋಧನೆಯಲ್ಲಿರುವವರಿಗೆ ನೆರವಾಗಬಲ್ಲ ಎಂದು ಆ ಪತ್ರ ಧೈರ್ಯವಾಗಿ ಹೇಳುತ್ತದೆ. ಎಲ್ಲ ಬಲ್ಲ ದೇವರೂ ಮೈಯಿಂದ ಕಲಿಯಬೇಕಾದದ್ದು ಒಂದಿತ್ತು ಎಂಬ ಈ ಮಾತನ್ನು ದೇವತಾಶಾಸ್ತ್ರಜ್ಞರು ಇಂದಿಗೂ ಜಗ್ಗಾಡುತ್ತಾರೆ.

ಮೂರನೆಯದು ಪೌಲನದು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಆರಂಭದಲ್ಲಿ ಅವನು ಹೇಳುವುದು, ದೇವರು ನಮ್ಮನ್ನು ಸಂಕಟದಲ್ಲಿ ಸಂತೈಸುವುದು ನಾವು ಇತರರನ್ನು ಸಂತೈಸಲು ಶಕ್ತರಾಗಲೆಂದು. ಸಾವಿನ ಮನೆಗಳಲ್ಲಿ ಓದಿ ಓದಿ ಸವೆದ ಭಾಗವಿದು. ಆದರೆ ಅವಸರದಲ್ಲಿ ಓದುವವರ ಕಣ್ಣು ಒಂದು ಕಡೆ ಜಾರುತ್ತದೆ. ನಾವು ಪಟ್ಟ ಕಷ್ಟವನ್ನು ಕೊಟ್ಟು ಸಂತೈಸುತ್ತೇವೆಂದು ಪೌಲ ಬರೆದಿಲ್ಲ. ನಮಗೆ ಸಿಕ್ಕ ಸಾಂತ್ವನದಿಂದಲೇ ಸಂತೈಸುತ್ತೇವೆ ಎಂದು ಬರೆದಿದ್ದಾನೆ. ಕೈಯಿಂದ ಕೈಗೆ ದಾಟುವುದು ಆ ಸಾಂತ್ವನ. ಕಷ್ಟದಲ್ಲಿದ್ದಾಗ ಯಾರೋ ಒಬ್ಬರು ನನ್ನ ಪಕ್ಕ ಕೂತಿದ್ದರೆ, ಪಕ್ಕ ಕೂರುವುದು ಹೇಗೆಂದು ನನಗೆ ಗೊತ್ತಾಗುತ್ತದೆ. ಯಾರೂ ಕೂರದಿದ್ದರೆ ನನಗೆ ಗೊತ್ತಾಗುವುದು ಹಲ್ಲು ಕಚ್ಚುವುದು ಹೇಗೆಂಬುದಷ್ಟೆ. ಆಮೇಲೆ ಎಲ್ಲರೂ ಹಲ್ಲು ಕಚ್ಚಲಿ ಎನ್ನುತ್ತೇನೆ.

ಈ ಲೇಖನ ಹಿಡಿದ ಎಳೆ ಇದೇ. ಇನ್ನು ಇದನ್ನು ಒಂದೊಂದಾಗಿ ಒರೆಗೆ ಹಚ್ಚೋಣ.

ಕಲಿಯದವರು

ಕಲಿಯದವರ ಕಥೆಯನ್ನೂ ಬೈಬಲ್ ಬಚ್ಚಿಟ್ಟಿಲ್ಲ. ಮತ್ತಾಯನ ಸುವಾರ್ತೆಯ ಸಾಲಗಾರ ಸೇವಕ ರಾಜನಿಗೆ 10,000 ತಲಾಂತು ಕೊಡಬೇಕಿತ್ತು. ಒಂದು ತಲಾಂತು ಅಂದರೆ ಸುಮಾರು 6,000 ದಿನಾರಿ, ಒಂದು ದಿನಾರಿ ಒಂದು ದಿನದ ಕೂಲಿ. ಅಲ್ಲಿಗೆ ಆರು ಕೋಟಿ ದಿನದ ಕೂಲಿಯ ಸಾಲ. ಕಾಲಿಗೆ ಬಿದ್ದ, ಮನ್ನಾ ಆಯಿತು. ಹೊರಗೆ ಬಂದವನೇ ತನಗೆ ನೂರು ದಿನದ ಕೂಲಿ ಕೊಡಬೇಕಿದ್ದ ಜೊತೆಯವನ ಕುತ್ತಿಗೆ ಹಿಡಿದ. ಇವನಿಗೆ ಕಷ್ಟವೂ ಗೊತ್ತಿತ್ತು, ಕರುಣೆಯೂ ಸಿಕ್ಕಿತ್ತು, ಆದರೂ ಕಲಿಯಲಿಲ್ಲ. ಸಾಂತ್ವನ ಸಿಕ್ಕರೆ ಸಾಲದು, ಅದು ಸಿಕ್ಕಿತೆಂಬ ನೆನಪೂ ಉಳಿಯಬೇಕು ಎಂಬ ತಿದ್ದುಪಡಿಯನ್ನು ನಮ್ಮ ಎಳೆಗೆ ಸೇರಿಸುವುದು ಈ ಕಥೆ.

ಯೋಬನ ಗೆಳೆಯರು ಇನ್ನೊಂದು ಪಾಠ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳಕೊಂಡು ಬೂದಿಯಲ್ಲಿ ಕೂತವನ ಬಳಿ ಅವರು ಬಂದರು. ಏಳು ದಿನ ಏಳು ರಾತ್ರಿ ಮಾತಿಲ್ಲದೆ ನೆಲದ ಮೇಲೆ ಕೂತರು. ಅಷ್ಟಕ್ಕೇ ನಿಲ್ಲಿಸಿದ್ದರೆ ಅವರನ್ನು ಮೀರಿಸುವ ಗೆಳೆಯರು ಇರುತ್ತಿರಲಿಲ್ಲ. ಎಂಟನೆಯ ದಿನ ವಿವರಣೆ ಶುರುವಾಯಿತು: ಏನೋ ಪಾಪ ಮಾಡಿದ್ದೀಯೆ, ಇಲ್ಲದಿದ್ದರೆ ಹೀಗಾಗುತ್ತಿರಲಿಲ್ಲ. ಪುಸ್ತಕದ ಕೊನೆಯಲ್ಲಿ ದೇವರ ಕೋಪ ತಿರುಗುವುದು ಈ ವಿವರಣೆಕಾರರ ಮೇಲೆ. ಸಾವಿನ ಮನೆಗೆ ಹೋಗಿ ಪಾಪದ ಲೆಕ್ಕ ಹಾಕುವ ಪ್ರಸಂಗಿಗಳು ಎಲ್ಲ ಧರ್ಮದಲ್ಲೂ ಇದ್ದಾರೆ. ಒಂದು ಕಡೆ ಕರ್ಮದ ಹೆಸರಿನಲ್ಲಿ, ಇನ್ನೊಂದು ಕಡೆ ಪಾಪದ ಹೆಸರಿನಲ್ಲಿ.

ಇಂಗ್ಲೆಂಡಿನ ಕ್ರೈಸ್ತ ಲೇಖಕ ಸಿ. ಎಸ್. ಲೂಯಿಸ್ ವಿವರಿಸುವವರ ಬದಿಯಲ್ಲೂ ನೋಯುವವರ ಬದಿಯಲ್ಲೂ ನಿಂತವನು. 1940ರಲ್ಲಿ ನೋವಿನ ಸಮಸ್ಯೆಯ ಬಗ್ಗೆ ಚೊಕ್ಕ ತರ್ಕದ ಪುಸ್ತಕ ಬರೆದ. 1960ರಲ್ಲಿ ಹೆಂಡತಿ ಜಾಯ್ ಕ್ಯಾನ್ಸರಿನಿಂದ ತೀರಿಕೊಂಡಳು. ಮರುವರ್ಷ ತನ್ನ ಶೋಕದ ದಿನಚರಿಯನ್ನು ಬೇರೆ ಹೆಸರಿನಲ್ಲಿ ಪ್ರಕಟಿಸಿದ. ಅದರಲ್ಲಿ ತರ್ಕಕ್ಕಿಂತ ಗೋಳಾಟ ಹೆಚ್ಚು. ಮಕ್ಕಳನ್ನೋ ಗಂಡನನ್ನೋ ಹೆಂಡತಿಯನ್ನೋ ಕಳಕೊಂಡವರು ಇಂದಿಗೂ ಹುಡುಕಿ ಓದುವುದು ಆ ಎರಡನೆಯ ಪುಸ್ತಕವನ್ನು.

ಪ್ರಯೋಗಶಾಲೆಯ ಮಾತು

ಮನಶ್ಶಾಸ್ತ್ರಜ್ಞರೂ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿದ್ದಾರೆ. ಅವರ ಉತ್ತರವೂ ನಮ್ಮ ಎರಡು ಗಾದೆಗಳ ಹಾಗೆ ಎರಡಾಗಿ ಸೀಳಿದೆ.

ರೇಚೆಲ್ ರಟನ್ ಮತ್ತು ಇಬ್ಬರು ಸಹೋದ್ಯೋಗಿಗಳು 2015ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ಅಧ್ಯಯನದ ಒಂದು ಭಾಗ ನಡೆದದ್ದು ಕೊರೆಯುವ ಚಳಿಯಲ್ಲಿ ಕೆರೆಗೆ ಧುಮುಕುವ ಒಂದು ಸಾಹಸಕೂಟದಲ್ಲಿ. ಧುಮುಕಲು ಬಂದು ಕೊನೆಯ ಗಳಿಗೆಯಲ್ಲಿ ಹಿಂಜರಿದವನೊಬ್ಬನ ಕಥೆಯನ್ನು ಜನರಿಗೆ ಓದಲು ಕೊಟ್ಟರು. ಇನ್ನೂ ಧುಮುಕದವರಿಗಿಂತ ಧುಮುಕಿ ಎದ್ದು ಬಂದವರೇ ಅವನನ್ನು ಹೆಚ್ಚು ತಾತ್ಸಾರದಿಂದ ಕಂಡರು. ಕೆಲಸ ಕಳಕೊಂಡು ಅಡ್ಡದಾರಿ ಹಿಡಿದವನ ಬಗ್ಗೆಯೂ ಹಾಗೆಯೇ: ತಾವೂ ಕೆಲಸ ಕಳಕೊಂಡು ಮತ್ತೆ ಎದ್ದು ನಿಂತವರು ಅವನನ್ನು ಹೆಚ್ಚು ಬಿಗಿಯಾಗಿ ಅಳೆದರು. ಕಾರಣ ಎರಡೆಂದು ಸಂಶೋಧಕರು ವಿವರಿಸುತ್ತಾರೆ. ದಾಟಿ ಬಂದ ಮೇಲೆ ಅಂದು ಎಷ್ಟು ಕಷ್ಟವಾಗಿತ್ತೆಂಬುದು ಮಸುಕಾಗುತ್ತದೆ. ದಾಟಬಹುದೆಂಬುದು ಮಾತ್ರ ಗಟ್ಟಿಯಾಗಿ ಉಳಿಯುತ್ತದೆ. 'ನಾವ್ ಪಡ್ನಿಲ್ವಾ' ಎಂಬ ಅತ್ತೆಯ ಮಾತಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಸಿಗಲಾರದು.

ಮರುವರ್ಷವೇ ಡೇನಿಯಲ್ ಲಿಮ್ ಮತ್ತು ಡೇವಿಡ್ ಡೆಸ್ಟೆನೊ ಬೇರೆ ತೀರ್ಮಾನ ಮುಂದಿಟ್ಟರು. ಬದುಕಿನಲ್ಲಿ ಹೆಚ್ಚು ತೀವ್ರವಾದ ಪೆಟ್ಟು ತಿಂದವರಲ್ಲಿ ಇತರರ ಬಗ್ಗೆ ಸಹಾನುಭೂತಿ ಹೆಚ್ಚು, ನೆರವಿಗೆ ಕೈಚಾಚುವುದೂ ಹೆಚ್ಚು ಎಂದು ಅವರ ಅಧ್ಯಯನ ಕಂಡಿತು. ಎರಡನ್ನೂ ಜೊತೆಗಿಟ್ಟು ನೋಡಿದರೆ ಜಗಳವಿಲ್ಲ. ನೋವು ತಿಂದವರ ಮನಸ್ಸು ಒಟ್ಟಾರೆ ಮೆತ್ತಗಾಗಬಹುದು. ಆದರೆ ನಾನು ಗೆದ್ದ ಕಷ್ಟದಲ್ಲೇ ಇನ್ನೊಬ್ಬ ಸೋತರೆ, ನನ್ನ ಗೆಲುವು ಅವನಿಗೆ ಅಳತೆಗೋಲಾಗುತ್ತದೆ. ಕುಡಿತ ಬಿಟ್ಟವನಿಗೆ ಬಿಡಲಾಗದವನ ಮೇಲೆ, ಬಡತನದಿಂದ ಮೇಲೆದ್ದವನಿಗೆ ಏಳಲಾಗದವನ ಮೇಲೆ ಬರುವ ಸಿಟ್ಟು ಇದೇ. ಸಾಕ್ಷಿ ಹೇಳುವ ಪದ್ಧತಿಯಿರುವ ಕ್ರೈಸ್ತ ಸಭೆಗಳು ಇದನ್ನು ಮುಖ್ಯವಾಗಿ ಗಮನಿಸಬೇಕು. 'ನಾನು ಪ್ರಾರ್ಥಿಸಿದೆ, ಗೆದ್ದೆ' ಎಂಬ ಸಾಕ್ಷಿ ಮುಂದಿನ ಸಾಲಿನವರನ್ನು ಹುರಿದುಂಬಿಸುವ ಹೊತ್ತಿಗೆ, ಪ್ರಾರ್ಥಿಸಿಯೂ ಸೋತು ಹಿಂದಿನ ಸಾಲಿನಲ್ಲಿ ಕೂತವಳನ್ನು ಇನ್ನೊಂದಿಷ್ಟು ಕುಗ್ಗಿಸಿರುತ್ತದೆ.

ಗಂಗಾಮೂಲದಿಂದ ಕೇಡಗಾಂವಿಗೆ

ಕರ್ನಾಟಕದ ನೆಲದಲ್ಲಿ ಹುಟ್ಟಿದ ಒಂದು ಬದುಕನ್ನು ಇಲ್ಲಿ ನೆನೆಯಲೇಬೇಕು. ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಕಡೆಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಮಡಿವಂತರ ವಿರೋಧ ಕಟ್ಟಿಕೊಂಡವರು. ಮನೆತನದ ಹಣ ಕರಗಿದ ಮೇಲೆ ಈ ಕುಟುಂಬ ಪುರಾಣ ಹೇಳುತ್ತ ತೀರ್ಥದಿಂದ ತೀರ್ಥಕ್ಕೆ ಅಲೆಯಿತು. 1870ರ ದಶಕದಲ್ಲಿ ದಕ್ಷಿಣದ ಬರಗಾಲ ಅವರನ್ನು ನಡುದಾರಿಯಲ್ಲಿ ಹಿಡಿಯಿತು. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ಹಸಿವು ಮತ್ತು ಕಾಯಿಲೆಗೆ ಬಲಿಯಾದರು.

ಆ ದಶಕದ ಬರ ಎಂಥದು ಎನ್ನುವುದಕ್ಕೆ ಮೈಸೂರು ಸಂಸ್ಥಾನದ ಜನಗಣತಿ ಸಾಕ್ಷಿ. 1871ರಲ್ಲಿ 50,55,412 ಇದ್ದ ಜನಸಂಖ್ಯೆ 1881ಕ್ಕೆ 41,86,188ಕ್ಕೆ ಕುಸಿದಿತ್ತು. ಅಂದಿನ ಸಂಸ್ಥಾನದ ಅಂಚಿನಲ್ಲಿದ್ದ ಚಾಮರಾಜನಗರ, ಗುಂಡ್ಲುಪೇಟೆಗಳ ಮಳೆ ಸಾಲದ ಹೊಲಗಳೂ ಈ ಲೆಕ್ಕದೊಳಗೇ ಇವೆ.

ರಮಾಬಾಯಿ ಅಣ್ಣನ ಜೊತೆ ನಡೆದೇ ದೇಶ ಸುತ್ತಿ 1878ರಲ್ಲಿ ಕಲ್ಕತ್ತೆ ಮುಟ್ಟಿದಳು. ಅಲ್ಲಿನ ವಿದ್ವಾಂಸರು ಅವಳ ಸಂಸ್ಕೃತ ಕಂಡು ಪಂಡಿತೆ ಎಂದರು. 1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ಮದುವೆ, 1882ರಲ್ಲಿ ವೈಧವ್ಯ, ಕೈಯಲ್ಲಿ ಎಳೆಗೂಸು ಮನೋರಮೆ. 1883ರಲ್ಲಿ ಇಂಗ್ಲೆಂಡಿಗೆ ಹೋಗಿ ವಾಂಟೇಜಿನ ಸಿಸ್ಟರುಗಳ ಮಠದಲ್ಲಿ ಉಳಿದುಕೊಂಡಳು.

ಇಲ್ಲಿಯವರೆಗಿನ ಕಷ್ಟವನ್ನು ಮಾತ್ರ ನೋಡಿದರೆ ಅವಳು ಕಲ್ಲಾಗಲು ಬೇಕಾದಷ್ಟು ಕಾರಣವಿತ್ತು. ತಿರುವು ಬಂದದ್ದು ಲಂಡನ್ನಿನ ಫುಲ್ಹಾಮಿನಲ್ಲಿ. ಸಮಾಜ 'ಕೆಟ್ಟವರು' ಎಂದು ತಳ್ಳಿದ್ದ ಹೆಂಗಸರನ್ನು ಸಿಸ್ಟರುಗಳು ಅಲ್ಲೊಂದು ಮನೆಯಲ್ಲಿ ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದರು. ಜಾರಿದ ಹೆಣ್ಣಿಗೆ ಶಿಕ್ಷೆ ವಿಧಿಸುವ ಶಾಸ್ತ್ರವನ್ನೇ ಓದಿ ಬೆಳೆದವಳಿಗೆ ಇದು ಹೊಸದು. ಇವರಿಗೇಕೆ ಈ ಅಕ್ಕರೆ ಎಂದು ಕೇಳಿದಾಗ ಸಿಸ್ಟರೊಬ್ಬರು ಯೇಸು ಬಾವಿಯ ಬಳಿ ಸಮಾರ್ಯದ ಹೆಂಗಸಿನೊಡನೆ ಮಾತಾಡಿದ ಪ್ರಸಂಗ ಓದಿ ಹೇಳಿದರು. ತನ್ನನ್ನು ಕ್ರಿಸ್ತನ ಕಡೆ ಎಳೆದದ್ದು ಇದೆಂದು ರಮಾಬಾಯಿ ತಾನೇ ಮುಂದೆ ಬರೆದಳು. ನೋವು ಬರಗಾಲ ಕೊಟ್ಟದ್ದು. ಆ ನೋವನ್ನು ಏನು ಮಾಡಬಹುದೆಂದು ಕಲಿತದ್ದು ಫುಲ್ಹಾಮಿನಲ್ಲಿ, ಇನ್ನೊಬ್ಬರು ಇನ್ನೊಬ್ಬರನ್ನು ಸಂತೈಸುವುದನ್ನು ಕಣ್ಣಾರೆ ಕಂಡಾಗ. ಪೌಲ ಹೇಳಿದ ಕ್ರಮವೂ ಇದೇ.

ಭಾರತಕ್ಕೆ ಮರಳಿ 1889ರಲ್ಲಿ ವಿಧವೆಯರಿಗಾಗಿ ಶಾರದಾ ಸದನ ಆರಂಭಿಸಿದಳು. 1896–97ರಲ್ಲಿ ಮಧ್ಯಪ್ರಾಂತ್ಯಕ್ಕೆ ಬರ ಬಿದ್ದಾಗ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಬರಶಿಬಿರಗಳಿಗೆ ತಾನೇ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದಳು. ಪುಣೆಯ ಹತ್ತಿರದ ಕೇಡಗಾಂವಿನ ಮುಕ್ತಿ ಮಿಷನ್ ಬೆಳೆದದ್ದು ಹೀಗೆ. ಆ ಹೊತ್ತು ಬರೆದ ಬರಹದಲ್ಲಿ ತನ್ನ ಹಳೆಯ ಹಸಿವನ್ನು ಬಿಡಿಸಿ ಬಿಡಿಸಿ ನೆನೆದಿದ್ದಾಳೆ. ಇಪ್ಪತ್ತು ವರ್ಷದ ಹಿಂದಿನ ನೋವು ಮಸುಕಾಗದಂತೆ ಬೇಕೆಂದೇ ಕಾಪಾಡಿಕೊಂಡವಳು ಅವಳು. ಗುಲ್ಬರ್ಗದಲ್ಲಿ 1912ರಲ್ಲಿ ಶಾಲೆ ತೆರೆಯಲು ಮಗಳು ಮನೋರಮೆ ನೆರವಾದಳು. ಆ ಮಗಳೂ 1921ರಲ್ಲಿ ತಾಯಿಗಿಂತ ಮೊದಲೇ ಹೋದಳು. ಮರುವರ್ಷ ರಮಾಬಾಯಿ.

ಮರಗಟ್ಟಿದ ಬೆರಳು

ನೋವೇ ಇಲ್ಲದಿದ್ದರೆ ಏನಾಗುತ್ತದೆ? ಇದಕ್ಕೆ ಉತ್ತರ ಹೇಳಿದವರು ಡಾಕ್ಟರ್ ಪಾಲ್ ಬ್ರ್ಯಾಂಡ್. 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಮಿಷನರಿ ದಂಪತಿಗೆ ಹುಟ್ಟಿದವರು, 1946ರಿಂದ ವೆಲ್ಲೂರಿನಲ್ಲಿ ಶಸ್ತ್ರವೈದ್ಯರಾಗಿದ್ದವರು. ಕುಷ್ಠರೋಗ ಬೆರಳನ್ನು ತಿಂದುಹಾಕುತ್ತದೆ ಎಂದು ಎಲ್ಲರೂ ತಿಳಿದಿದ್ದ ಕಾಲ. ರೋಗ ಕೊಲ್ಲುವುದು ನರವನ್ನು ಎಂದು ಬ್ರ್ಯಾಂಡ್ ತೋರಿಸಿದರು. ನೋವು ತಿಳಿಯದ ಕೈ ಬಿಸಿ ಪಾತ್ರೆ ಹಿಡಿಯುತ್ತದೆ, ಮುಳ್ಳು ತುಳಿದ ಕಾಲು ನಡೆಯುತ್ತಲೇ ಇರುತ್ತದೆ, ಗಾಯ ಕೊಳೆಯುತ್ತದೆ. ಬೆರಳು ಹೋಗುವುದು ನೋವಿಲ್ಲದ್ದರಿಂದ.

ಒಮ್ಮೆ ಇಂಗ್ಲೆಂಡಿನಲ್ಲಿ ದೀರ್ಘ ಪ್ರಯಾಣ ಮುಗಿಸಿ ರಾತ್ರಿ ಕಾಲ್ಚೀಲ ಕಳಚುವಾಗ ಅವರ ಹಿಮ್ಮಡಿಗೆ ಸ್ಪರ್ಶವೇ ತಿಳಿಯಲಿಲ್ಲ. ಸೂಜಿ ಚುಚ್ಚಿಕೊಂಡರು, ನೋವಿಲ್ಲ. ರೋಗ ತನಗೂ ಅಂಟಿತೆಂದು ರಾತ್ರಿಯಿಡೀ ನಿದ್ದೆಯಿಲ್ಲದೆ ಕಳೆದರು. ಬೆಳಗ್ಗೆ ಮತ್ತೆ ಚುಚ್ಚಿಕೊಂಡಾಗ ಚುರುಕ್ಕೆಂದಿತು. ಕೂತು ಕೂತು ನರ ಮರಗಟ್ಟಿತ್ತಷ್ಟೆ. ಆ ನೋವಿಗೆ ದೇವರನ್ನು ಕೊಂಡಾಡಿದ್ದನ್ನು ಅವರು ಬರೆದಿದ್ದಾರೆ. ಒಂದು ಅವಯವ ನೊಂದರೆ ಇಡೀ ಮೈ ನೋಯುತ್ತದೆ ಎಂದು ಪೌಲ ಸಭೆಯನ್ನು ಮೈಗೆ ಹೋಲಿಸಿದ್ದುಂಟು. ವೈದ್ಯರ ಕೈಯಲ್ಲಿ ಅದಕ್ಕೆ ಹೊಸ ಅರ್ಥ ಬಂತು: ನೋಯದ ಅವಯವವನ್ನು ಮೈ ತನ್ನದೆಂದು ಕಾಯುವುದಿಲ್ಲ.

ಕುಷ್ಠರೋಗ ಚಾಮರಾಜನಗರಕ್ಕೆ ದೂರದ ಮಾತಲ್ಲ. ಯಳಂದೂರು ತಾಲ್ಲೂಕಿನಲ್ಲಿ ಈ ರೋಗ ಹರಡಿದ್ದನ್ನು ಕಂಡೇ ಬಿಳಿಗಿರಿರಂಗನಬೆಟ್ಟದ ಡಾ. ಎಚ್. ಸುದರ್ಶನ್ 1986ರಲ್ಲಿ ಕರುಣಾ ಟ್ರಸ್ಟ್ ಆರಂಭಿಸಿದರು. ಅವರ ಸ್ಫೂರ್ತಿ ವಿವೇಕಾನಂದರು, ಕ್ರಿಸ್ತನಲ್ಲ. ಕರುಣೆಗೆ ಯಾವುದೇ ಧರ್ಮದ ಹಕ್ಕುಪತ್ರವಿಲ್ಲ ಎನ್ನುವುದಕ್ಕೆ ಜಿಲ್ಲೆಯೊಳಗೇ ಇರುವ ನಿದರ್ಶನವಿದು.

ಇನ್ನೂ ಹಿಂದಕ್ಕೆ ಹೋದರೆ ನೀಲಗಾರರು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿ ಕಾವ್ಯವಿದೆ. ಕಲ್ಯಾಣದ ಬಾಗಿಲಿಗೆ ಗುರು ಬರುವುದು ಮೈಯೆಲ್ಲ ಹುಣ್ಣು, ಕೀವು, ನಾತ ಹೊತ್ತ ಭಿಕ್ಷುಕನಾಗಿ. ಶುಚಿಯಾದ ಶರಣರು ಮೂಗು ಮುಚ್ಚಿ ಹೊಡೆದಟ್ಟುತ್ತಾರೆ. ನೊಂದವನನ್ನು ಗುರುತಿಸದವರು ಗುರುವನ್ನೂ ಗುರುತಿಸಲಾರರು ಎಂದು ಕಾವ್ಯ ತೋರಿಸುತ್ತದೆ. ಹಸಿದವರಿಗೆ, ರೋಗಿಗೆ, ಸೆರೆಯಲ್ಲಿರುವವನಿಗೆ ಮಾಡಿದ್ದು ತನಗೇ ಮಾಡಿದ್ದು ಎಂದ ಯೇಸುವಿನ ಮಾತನ್ನು ಚಾಮರಾಜನಗರದ ಕ್ರೈಸ್ತನೊಬ್ಬ ಮಂಟೇಸ್ವಾಮಿಯ ಪದದ ಪಕ್ಕ ಇಟ್ಟು ಓದಿದರೆ, ಅವನಿಗೆ ತನ್ನ ಬೈಬಲ್ ಇನ್ನಷ್ಟು ತನ್ನದಾಗುತ್ತದೆ.

ಬೆಟ್ಟದ ಬುಡದ ಸಂಕಟಗಳು

ಚಾಮರಾಜನಗರ 1997ರಲ್ಲಿ ಜಿಲ್ಲೆಯಾಯಿತು. ಮುಖ್ಯಮಂತ್ರಿ ಇಲ್ಲಿಗೆ ಕಾಲಿಟ್ಟರೆ ಕುರ್ಚಿ ಹೋಗುತ್ತದೆಂಬ ಮೂಢನಂಬಿಕೆಯ ಕಳಂಕ ಹೊತ್ತ ಊರದು. ಊರಿಗೆ ಊರೇ ಅಪಶಕುನವೆನಿಸಿಕೊಳ್ಳುವುದೂ ಒಂದು ಬಗೆಯ ಅಸ್ಪೃಶ್ಯತೆ. ಹನೂರಿನ ಆಚೆ, ಮಲೆಮಹದೇಶ್ವರ ಬೆಟ್ಟದ ಸೆರಗಿನ ಮಾರ್ಟಳ್ಳಿ ಸುತ್ತಮುತ್ತ ತಮಿಳು ಮಾತಾಡುವ ಕಥೋಲಿಕರ ದೊಡ್ಡ ವಸತಿಯಿದೆ. 1956ರವರೆಗೆ ಕೊಳ್ಳೇಗಾಲ ಸೀಮೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಈಗ ಈ ವಸತಿ ಮೈಸೂರು ಧರ್ಮಪ್ರಾಂತಕ್ಕೆ ಸೇರಿದೆ.

ಕಾಡುಗಳ್ಳ ವೀರಪ್ಪನ್ ಕಾಲದಲ್ಲಿ ಈ ಸೀಮೆಯ ಜನ ಕಾಡಿನವನಿಗೂ ಖಾಕಿಯವರಿಗೂ ನಡುವೆ ಸಿಕ್ಕಿ ನಲುಗಿದರು. 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿ ಅವನ ತಂಡದ ನೆಲಬಾಂಬಿಗೆ 22 ಮಂದಿ ಬಲಿಯಾದರು. ಅವನ ಬೇಟೆಗಿಳಿದ ಪೊಲೀಸ್ ಕಾರ್ಯಪಡೆಯ ಚಿತ್ರಹಿಂಸೆಯ ದೂರುಗಳನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೇಮಿಸಿದ ನ್ಯಾಯಮೂರ್ತಿ ಸದಾಶಿವ ಸಮಿತಿ ವಿಚಾರಿಸಿತು. 2007ರಲ್ಲಿ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರಕ್ಕೆ ಆಯೋಗ ಹೇಳಿತು. ಪಾಲಾರ್ ಪ್ರಕರಣದ ನಾಲ್ವರ ಗಲ್ಲುಶಿಕ್ಷೆ 2014ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ಜೀವಾವಧಿಯಾಯಿತು. ಒಂದೇ ಸೀಮೆಯಲ್ಲಿ ಬಾಂಬಿಗೆ ಸತ್ತವರ ಮನೆ, ಲಾಠಿಗೆ ಮುರಿದವರ ಮನೆ, ಸೆರೆಗೆ ಹೋದವರ ಮನೆ. ಯಾರ ನೋವು ಯಾರಿಗೆ ಕಲಿಸಬೇಕು?

2018ರ ಡಿಸೆಂಬರ್ 14ರಂದು ಅದೇ ಕಡೆಯ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಕೀಟನಾಶಕ ಬೆರೆಸಿದ ಪ್ರಸಾದ ತಿಂದು ಹದಿನೇಳು ಮಂದಿ ಸತ್ತರು. ವಾಂತಿ ಮಾಡುತ್ತ ಒದ್ದಾಡುತ್ತಿದ್ದವರಲ್ಲಿ ಹಲವರನ್ನು ಮೊದಲು ಹೊತ್ತು ತಂದದ್ದು ಕಾಮಗೆರೆಯ ಹೋಲಿಕ್ರಾಸ್ ಆಸ್ಪತ್ರೆಗೆ. ಮಾರಮ್ಮನ ಭಕ್ತರು ಶಿಲುಬೆಯ ಹೆಸರಿನ ಆಸ್ಪತ್ರೆಗೆ ಬಂದರು, ಅಲ್ಲಿಂದ ಮೈಸೂರಿಗೆ ಹೋದರು. ಆ ಹೊತ್ತಿನಲ್ಲಿ ಯಾರೂ ಯಾರ ದೇವರು ಯಾರೆಂದು ಕೇಳುವುದಿಲ್ಲ. ಹಳ್ಳಿದಾರಿಯ ಪಕ್ಕ ಒಂದು ಆಸ್ಪತ್ರೆ ಬಾಗಿಲು ತೆರೆದುಕೊಂಡು ಇರುವುದೇ ಸಮಾರ್ಯದವನ ಕಥೆಯ ಸರಿಯಾದ ವ್ಯಾಖ್ಯಾನ. ಸಮಾರ್ಯದವನೂ ಬಿದ್ದವನನ್ನು ಎತ್ತಿ, ಛತ್ರದವನ ಕೈಗೆ ಎರಡು ದಿನಾರಿ ಕೊಟ್ಟು, ಹೆಚ್ಚಾದರೆ ಬಂದು ಕೊಡುತ್ತೇನೆಂದು ಹೇಳಿ ಹೋಗುತ್ತಾನೆ. ಕರುಣೆಗೆ ಕಣ್ಣೀರಿನ ಜೊತೆ ಲೆಕ್ಕದ ಪುಸ್ತಕವೂ ಬೇಕು.

ಕೊರೋನಾ ಕಾಲದಲ್ಲಿ, 2021ರ ಮೇ 2ರ ರಾತ್ರಿ, ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಮುಗಿಯುತ್ತ ಬಂತು. ಬೆಳಗಾಗುವ ಹೊತ್ತಿಗೆ 24 ಹೆಣ. ಆಮ್ಲಜನಕವಿಲ್ಲದೆ ಸತ್ತವರು ಮೂವರೇ ಎಂದು ಸರಕಾರದ ಕಡೆಯವರು ಮೊದಲು ಹೇಳಿದರು. ಹೈಕೋರ್ಟ್ ನೇಮಿಸಿದ ಸಮಿತಿ ಕೊರತೆಯನ್ನು ಬಯಲಿಗೆಳೆಯಿತು. ಸತ್ತವರ ಮನೆಯವರಿಗೆ ಹಣಕ್ಕಿಂತ ಮೊದಲು ಬೇಕಿದ್ದದ್ದು 'ಹೌದು, ಹೀಗಾಯಿತು' ಎಂಬ ಒಪ್ಪಿಗೆ. ಕಾರ್ಯಪಡೆಯ ಹಿಂಸೆಗೆ ಸಿಕ್ಕ ಆ 89 ಮಂದಿಗೂ ಅಷ್ಟೆ. ಆಗಿದ್ದನ್ನು ಆಗಿದೆ ಎಂದು ಒಪ್ಪಿಕೊಳ್ಳುವುದೇ ಸಾಂತ್ವನದ ಮೊದಲ ಮೆಟ್ಟಿಲು. ಅದು ಸಿಗದ ನೋವು ಕರುಣೆಯಾಗುವುದು ಕಷ್ಟ. ಹೆಚ್ಚಾಗಿ ಅದು ಮೌನವಾಗುತ್ತದೆ, ಇಲ್ಲವೆ ಸಿಟ್ಟಾಗುತ್ತದೆ. ಆ ಸಿಟ್ಟನ್ನು ಕಂಡು ಕರುಣೆಯ ಪ್ರಸಂಗ ಮಾಡುವುದು ಯೋಬನ ಗೆಳೆಯರ ಎಂಟನೆಯ ದಿನದ ಕೆಲಸ.

ಸಭೆ ತನ್ನನ್ನು ಕೇಳಿಕೊಳ್ಳಬೇಕಾದದ್ದು

ಪೋಪ್ ಎರಡನೆಯ ಜಾನ್ ಪಾಲ್‌ಗೆ 1981ರಲ್ಲಿ ಗುಂಡು ಬಿತ್ತು. 1983ರ ಡಿಸೆಂಬರಿನಲ್ಲಿ ಗುಂಡು ಹಾರಿಸಿದವನನ್ನು ಅವರು ಸೆರೆಮನೆಯಲ್ಲೇ ಹೋಗಿ ಕಂಡರು. ಆರೇ ವಾರದ ಮೇಲೆ, 1984ರ ಫೆಬ್ರವರಿ 11ರಂದು, ಬಾಧೆಯ ಕ್ರೈಸ್ತ ಅರ್ಥದ ಬಗ್ಗೆ ಬರೆದ ಪತ್ರ ಹೊರಬಂತು. ಅದು ಸಮಾರ್ಯದವನನ್ನೇ ಮಾದರಿಯಾಗಿ ಹಿಡಿಯುತ್ತದೆ. ಬಾಧೆಗೆ ಅರ್ಥವಿದೆ ಎನ್ನುವುದರ ಜೊತೆಗೆ ಬಾಧೆಪಡುವವನ ಬಳಿ ನಿಲ್ಲಬೇಕೆಂದೂ ಅದು ಒತ್ತಿ ಹೇಳುತ್ತದೆ. ಈ ಎರಡನೆಯದನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಹಿಡಿದಲ್ಲೆಲ್ಲ ಕೇಡಾಗಿದೆ. ಕುಡುಕ ಗಂಡನ ಏಟು ತಿಂದು ಬಂದವಳಿಗೆ 'ನಿನ್ನ ಶಿಲುಬೆಯನ್ನು ನೀನು ಹೊರು' ಎಂದು ಕಳಿಸುವ ಹಿರಿಯರು ಶಿಲುಬೆಗೂ ಅವಮಾನ ಮಾಡುತ್ತಾರೆ, ಅವಳಿಗೂ. ಯೇಸು ತಾನು ಹೊತ್ತ. ಇನ್ನೊಬ್ಬರ ಹೆಗಲಿಗೆ ಅದನ್ನು ಹೊರಿಸಿದ್ದು ರೋಮಿನ ಸಿಪಾಯಿಗಳು.

ಜಾತಿಯ ಪ್ರಶ್ನೆ ಇನ್ನೂ ಬಿಗಿ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಮಾನ್ಯತೆಯಿಲ್ಲ. ಇದು ಅನ್ಯಾಯವೆಂದು ಸಭೆಗಳು ದಶಕಗಳಿಂದ ಹೋರಾಡುತ್ತಿವೆ. ಅದೇ ಹೊತ್ತಿಗೆ ನೆರೆಯ ತಮಿಳುನಾಡಿನ ಕೆಲವು ಕಡೆ ಕ್ರೈಸ್ತ ಸ್ಮಶಾನದೊಳಗೇ ದಲಿತರಿಗೆ ಬೇರೆ ಜಾಗ, ನಡುವೆ ಗೋಡೆ. ಹೊರಗೆ ತಾರತಮ್ಯ ಉಂಡವರು ಒಳಗೆ ಅದನ್ನೇ ಬಡಿಸುವುದು, ಸಾಲ ಮನ್ನಾ ಆದವನು ಹೊರಗೆ ಬಂದು ಕುತ್ತಿಗೆ ಹಿಡಿದಂತೆಯೇ. ಪ್ರತಿ ತಪಸ್ಸುಕಾಲದಲ್ಲಿ ಶಿಲುಬೆಯ ಹಾದಿ ನಡೆಯುವುದರ ಉಪಯೋಗ ಇಲ್ಲಿದೆ, ನಡೆಯುವವರು ಬಯಸಿದರೆ. ಅದು ವರ್ಷಕ್ಕೊಮ್ಮೆ ನೆನಪನ್ನು ಮಸುಕಾಗದಂತೆ ಉಜ್ಜುತ್ತದೆ. ರಮಾಬಾಯಿ ಬರೆದು ಮಾಡಿದ್ದನ್ನು ಸಭೆ ನಡೆದು ಮಾಡುತ್ತದೆ.

ಲೋಟದ ಲೆಕ್ಕ

ಎಲ್ಲ ಕೂಡಿಸಿದರೆ ಸಿಗುವುದು ಇಷ್ಟು. ಕಷ್ಟ ಒಂದು ನೆನಪನ್ನು ಕೊಡುತ್ತದೆ. ಆ ಕಷ್ಟದಲ್ಲಿ ಯಾರಾದರೂ ಬಳಿ ಕೂತಿದ್ದರೆ ನೆನಪಿನೊಳಗೆ ಒಂದು ಕೈಯೂ ಉಳಿಯುತ್ತದೆ. ಆಮೇಲೆ ನಾವು ಚಾಚುವುದು ಆ ಕೈಯನ್ನೇ. ಬಳಿ ಯಾರೂ ಇರದಿದ್ದವರು ಕರುಣೆ ಕಲಿಯಲಾರರೆ? ಕಲಿಯಬಲ್ಲರು. ಫುಲ್ಹಾಮಿನಲ್ಲಿ ರಮಾಬಾಯಿ ಕಂಡಹಾಗೆ, ಇನ್ನೆಲ್ಲೋ ಇನ್ಯಾರಿಗೋ ಸಿಕ್ಕ ಸಾಂತ್ವನವನ್ನು ಕಂಡೂ ಕಲಿಯಬಹುದು. ಕಾಣಲಿಕ್ಕಾದರೂ ಅದು ಎಲ್ಲೋ ಒಂದು ಕಡೆ ನಡೆಯುತ್ತಿರಬೇಕಲ್ಲ. ಸಭೆಯ ಕೆಲಸ ಅಷ್ಟು: ಅದು ನಡೆಯುತ್ತಿರುವ ಜಾಗವಾಗಿರುವುದು.

ಅತ್ತೆಯ ಮಾತಿಗೂ ಆಸ್ಪತ್ರೆಯ ಮೆಟ್ಟಿಲಿನವಳ ಮಾತಿಗೂ ವ್ಯತ್ಯಾಸ ದನಿಯಲ್ಲಿದೆ ಎಂದುಕೊಂಡಿದ್ದೆ. ಈಗ ನೋಡಿದರೆ ಹಾಗಿಲ್ಲ. ಅತ್ತೆಯ ಮಾತು ಪ್ರಶ್ನೆಯಲ್ಲೇ ನಿಂತಿತು. ಬಹುಶಃ ಅವಳ ಬಾಣಂತನದಲ್ಲೂ ಯಾರೂ ನೀರು ಕಾಯಿಸಿ ಕೊಟ್ಟಿರಲಿಲ್ಲ. ಇನ್ನೊಬ್ಬಳ ಮಾತು ಪ್ರಶ್ನೆ ದಾಟಿ ಎರಡು ಪದ ಮುಂದೆ ಹೋಯಿತು: ಕುಡಿ ಕಣವ್ವ.